ಪುಟ್ಟಲಿಂಗಮ್ಮನ ನಲವತ್ತೊಂದು ನಿಮಿಷ

ಶ್ರೀರಾಂಪುರ, ಮೈಸೂರು
9 ಜೂನ್ 2024, ಭಾನುವಾರ

ಕಾಳಯ್ಯ,

ಅಕ್ಷರ ನೋಡಿದ ಕೂಡಲೇ ಇದು ಯಾರ ಕಾಗದವೆಂದು ನಿನಗೆ ಗೊತ್ತಾಗುತ್ತದೆ. ಹರಿಯಲೇಬೇಕು ಅನ್ನಿಸಿದರೆ ಪೂರ್ತಿ ಓದಿ ಹರಿ. ನಾವು ಮಾತು ಬಿಟ್ಟು ಇಪ್ಪತ್ತಾರು ವರ್ಷವಾಯಿತು. ನಿನ್ನ ವಿಳಾಸವನ್ನು ಮಾರುಕಟ್ಟೆಯ ಎಲೆ ಅಂಗಡಿ ಸಂಜಯ್ ಕೊಟ್ಟ. ನೀನು ಈಗ ಮಗಳು ಮಾಲಾಳ ಮನೆಯಲ್ಲಿದ್ದೀಯ, ಬೆಟ್ಟದ ಬುಡದ ಆ ಊರಿಗೆ ಫೋನಿನ ಸಿಗ್ನಲ್ಲೇ ಹತ್ತುವುದಿಲ್ಲ, ಆದರೆ ಟಿವಿಯೂ ಒಂದು ಹಳೆಯ ಡಿವಿಡಿ ಪ್ಲೇಯರೂ ಇವೆ ಎಂದೂ ಅವನೇ ಹೇಳಿದ. ಆ ಪ್ಲೇಯರಿನ ಮಾತು ಕೇಳಿಯೇ ಈ ಕಾಗದ ಬರೆಯುತ್ತಿದ್ದೇನೆ.

ಹೋದ ತಿಂಗಳು ಪಕ್ಕದ ಮನೆಯ ಪ್ರೇಮಲೀಲಾ ಗೇಟಿನ ಹತ್ತಿರ ನಿಂತು ಕೂಗಿದರು. ಹೈಸ್ಕೂಲಿನಲ್ಲಿ ಕಂಪ್ಯೂಟರ್ ಪಾಠ ಮಾಡಿ ನಿವೃತ್ತರಾದವರು. "ಬೇಗ ಬನ್ನಿ ಸಾರ್, ದೇವರಾಜ ಮೊಹಲ್ಲಾದ ನಿಮ್ಮ ಹಳೇ ಅಂಗಡಿ ಬೋರ್ಡು ಇಂಟರ್‌ನೆಟ್‌ನಲ್ಲಿ ಬಂದ್ಬುಟ್ಟಿದೆ ಕಣ್ರೀ!" ಅಂದರು. ಹೋಗಿ ನೋಡಿದೆ. ನಮ್ಮಪ್ಪ ಬರೆಸಿದ್ದ ಬೋರ್ಡು, ವಿಭೂತಿ ಗಟ್ಟಿ ಜೋಡಿಸಿಡುತ್ತಿದ್ದ ಗಾಜಿನ ಬೀರು, ಜಗಲಿ. ಆ ಜಗಲಿಯ ಮೇಲೆ ತಂಬೂರಿ ಹಿಡಿದು ನಿನ್ನ ಹೆಂಡತಿ ಪುಟ್ಟಲಿಂಗಮ್ಮ ಕೂತಿದ್ದಳು.

ಫೋಟೋ ಅಲ್ಲ ಕಾಳಯ್ಯ. ತಂಬೂರಿಯ ತಂತಿ ಬಿಗಿ ಮಾಡುತ್ತಿದ್ದಳು. ತಲೆ ಎತ್ತಿದಳು. ಹಾಡಿಗೆ ಮುಂಚೆ ಆಕೆಗೆ ಒಂದು ಸಣ್ಣ ಕೆಮ್ಮು ಬರುತ್ತಿತ್ತಲ್ಲ, ಹಾಗೆ ಕೆಮ್ಮಿದಳು. ನಾನು ಕೂತಿದ್ದ ಕುರ್ಚಿಯಿಂದ ಎದ್ದು ನಿಂತುಬಿಟ್ಟೆ.

ತೊಂಬತ್ತೆಂಟರಲ್ಲಿ ಹೊರದೇಶದ ಒಬ್ಬ ಸಂಶೋಧಕಿ ಕ್ಯಾಮೆರಾ ಹೊತ್ತ ಇಬ್ಬರನ್ನು ಕರೆದುಕೊಂಡು ಬಂದಿದ್ದಳು, ನೆನಪಿದೆಯಲ್ಲ. ಆ ಟೇಪುಗಳನ್ನು ಅವರು ಈಗ ಇಂಟರ್‌ನೆಟ್ಟಿಗೆ ಹಾಕಿದ್ದಾರೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಾವು ಇಳಿಸಿಕೊಂಡು ಕಾಗದದ ಜೊತೆಗಿರುವ ಈ ಡಿಸ್ಕಿಗೆ ತುಂಬಿದ್ದೇವೆ.

ಪುಟ್ಟಲಿಂಗಮ್ಮ ತೀರಿಕೊಂಡ ಸುದ್ದಿ ಆರು ವರ್ಷದ ಹಿಂದೆಯೇ ಗೊತ್ತಾಯಿತು. ನಾನು ಬರಲಿಲ್ಲ. ಅದಕ್ಕೆ ಕಾರಣ ಬರೆಯುವ ಧೈರ್ಯ ಈ ಕಾಗದಕ್ಕಿಲ್ಲ. ಡಿಸ್ಕ್ ನೋಡು.

ರುದ್ರಸ್ವಾಮಿ

*

ಕರಿಕಲ್ಲುದೊಡ್ಡಿ, ಹನೂರು ತಾಲ್ಲೂಕು
24 ಜೂನ್ 2024

ರುದ್ರಸ್ವಾಮಿಯವರಿಗೆ,

ನಿಮ್ಮ ಕಾಗದ ಬಂತು. ಹರಿಯಲಿಲ್ಲ.

ಬಿಲ್ಲೆಯೂ ಬಂತು. ಅವತ್ತು ಮಧ್ಯಾಹ್ನ ಮೂರು ಗಂಟೆಗೆ ಕರೆಂಟು ಕೊಟ್ಟರು. ಮಾಲಾ ಶಾಲೆಯ ಬಿಸಿಯೂಟದ ಕೆಲಸ ಮುಗಿಸಿ ಓಡಿ ಬಂದಳು. ಅವಳ ಮಗಳು ಲಾಸ್ಯ ಟಿವಿಯ ಮುಂದೆಯೇ ಕೂತಳು. ನಾನು ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ಕೂತೆ. ಬಿಲ್ಲೆ ಒಳಗೆ ಹೋಗಿ ಗರಗರ ಸುತ್ತಿತು. ನಿಂತಿತು. ಮತ್ತೆ ಸುತ್ತಿತು. ಟಿವಿಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು. ಲಾಸ್ಯ ಓದಿ, "ತಾತ, ಬಿಲ್ಲೆನೇ ಇಲ್ಲ ಅಂತದೆ" ಅಂದಳು. ಒರೆಸಿ ಹಾಕಿದೆವು. ತಿರುಗಿಸಿ ಹಾಕಿದೆವು. ಐದು ಸಲವೂ ಅದೇ ಉತ್ತರ.

ಇಪ್ಪತ್ತಾರು ವರ್ಷವಾದ ಮೇಲೆ ನೀವು ಕಳಿಸಿದ್ದು ಖಾಲಿ ಬಿಲ್ಲೆ. ಬೇಕೆಂದೇ ಮಾಡಿದಿರೋ ತಿಳಿಯದೆ ಮಾಡಿದಿರೋ ನನಗೆ ಗೊತ್ತಿಲ್ಲ. ನಿಮ್ಮ ವಿಷಯದಲ್ಲಿ ನಾನು ಲೆಕ್ಕ ಹಾಕುವುದನ್ನು ಬಿಟ್ಟು ಬಹಳ ಕಾಲವಾಯಿತು.

ಒಂದು ಕೇಳುತ್ತೇನೆ. ಅದರಲ್ಲಿ ಅವಳು ಯಾವ ಸೀರೆ ಉಟ್ಟಿದ್ದಾಳೆ? ನಮ್ಮ ಹತ್ತಿರ ಇರುವುದು ರೇಷನ್ ಕಾರ್ಡಿನ ಫೋಟೋ ಒಂದೇ. ಅದರಲ್ಲಿ ಕತ್ತಿನವರೆಗೆ ಮಾತ್ರ ಕಾಣುತ್ತಾಳೆ.

ಕಾಳಯ್ಯ

*

ಶ್ರೀರಾಂಪುರ
5 ಜುಲೈ 2024

ಕಾಳಯ್ಯ,

ಹಸಿರು ಸೀರೆ. ಕೆಂಪು ಅಂಚು. ಎಡತೋಳಿನ ಹತ್ತಿರ ರವಿಕೆಗೆ ಹಾಕಿದ ಹೊಲಿಗೆ ಕೂಡ ಕಾಣುತ್ತದೆ.

ನೀನು ನನ್ನನ್ನು 'ನೀವು' ಎಂದು ಕರೆದು ಬರೆದದ್ದನ್ನು ಎರಡು ಸಲ ಓದಿಕೊಂಡೆ. ಇರಲಿ. ಡಿಸ್ಕ್ ಖಾಲಿ ಇರಲಿಲ್ಲ, ತಪ್ಪು ಮಾತ್ರ ನನ್ನದೇ. ಇಳಿಸಿಕೊಂಡ ವಿಡಿಯೋವನ್ನು ಇದ್ದ ಹಾಗೆಯೇ ಡಿಸ್ಕಿಗೆ ಸುರಿದುಬಿಟ್ಟಿದ್ದೆ. ಬೇಯಿಸದ ಅಕ್ಕಿಯನ್ನು ಎಲೆಗೆ ಬಡಿಸಿದಂತಾಯಿತು. ಪ್ರೇಮಲೀಲಾ ನಕ್ಕು, "ನಿಮ್ ಫ್ರೆಂಡ್ ಮನೆ ಪ್ಲೇಯರ್ ಹಳೇದು ಸಾರ್. ಅದಕ್ಕೆ ಈ ಭಾಷೆ ಬರಲ್ಲ. ಅದಕ್ಕೆ ಅರ್ಥ ಆಗೋ ಭಾಷೆಗೆ ತಂದು, ಆಮೇಲೆ ಬರೀಬೇಕು" ಅಂದರು.

ಅವರ ಮನೆಯ ಮೂಲೆಯಲ್ಲಿ ಒಂದು ದೊಡ್ಡ ಕಂಪ್ಯೂಟರ್ ಪೆಟ್ಟಿಗೆ ಇದೆ. ಡಿಸ್ಕ್ ಬರೆಯುವ ಯಂತ್ರ ಈಗ ಅಂಥವುಗಳಲ್ಲಿ ಮಾತ್ರ ಉಳಿದಿದೆಯಂತೆ. ಮೊದಲ ಸಲ ಹೇಗೋ ತೆರೆದಿದ್ದ ಅದರ ತಟ್ಟೆ ಈ ಸಲ ಹೊರಗೇ ಬರಲಿಲ್ಲ. ಪ್ರೇಮಲೀಲಾ ತಲೆಯ ಪಿನ್ನು ತೆಗೆದು, ನೆಟ್ಟಗೆ ಮಾಡಿ, ಒಂದು ಸಣ್ಣ ತೂತಿಗೆ ಚುಚ್ಚಿದರು. ತಟ್ಟೆ ನಾಲಿಗೆ ಚಾಚಿದಂತೆ ಆಚೆ ಬಂತು. ಖಾಲಿ ಡಿಸ್ಕಿಗಾಗಿ ದೇವರಾಜ ಮೊಹಲ್ಲಾದಲ್ಲಿ ಮೂರು ಅಂಗಡಿ ಅಲೆದೆ. ನಾಲ್ಕನೆಯವನು ಸ್ಟೂಲು ಹತ್ತಿ ಮೇಲಿನ ಕಪಾಟಿನಿಂದ ಒಂದು ಡಬ್ಬಿ ಇಳಿಸಿ ಧೂಳು ಊದಿದ. "ಈಗ ಯಾರ್ ತಗೋತಾರೆ ಸಾರ್ ಇದನ್ನ? ಯಾರ್ ಮದುವೆ ವಿಡಿಯೋ?" ಅಂದ. ದುಡ್ಡು ಕೊಟ್ಟು ಡಬ್ಬಿ ತಂದೆ.

ವಿಡಿಯೋವನ್ನು ಡಿವಿಡಿಯ ಭಾಷೆಗೆ ತಿರುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಬರೆಯುವುದು. ಇದಕ್ಕೆ ಅವರು ಹೇಳುವ ಮಾತು 'ಬರ್ನ್' ಅಂತ. ಸುಡುವುದು. ಸೂಜಿಮೊನೆಗಿಂತ ಸಣ್ಣ ಬೆಳಕೊಂದು ಒಳಗಿನಿಂದ ಹೊರಕ್ಕೆ ಸುತ್ತುತ್ತಾ, ಡಿಸ್ಕಿನ ಹೊಟ್ಟೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಸುಟ್ಟುಕೊಂಡು ಹೋಗುತ್ತದಂತೆ. ಪ್ರೇಮಲೀಲಾ ವೇಗವನ್ನು ಎಲ್ಲಕ್ಕಿಂತ ಕಡಿಮೆಗೆ ಇಟ್ಟರು. ನಿಧಾನವಾಗಿ ಬರೆದರೆ ಹಳೆಯ ಪ್ಲೇಯರುಗಳಿಗೆ ಓದಲು ಸುಲಭವಂತೆ. ನಾನು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದೆ. ಬೆಚ್ಚಗಿತ್ತು, ಸಣ್ಣಗೆ ನಡುಗುತ್ತಿತ್ತು, ಗುಬ್ಬಿಯನ್ನು ಹಿಡಿದುಕೊಂಡ ಹಾಗೆ.

ಮುಗಿದ ಮೇಲೆ ಡಿಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನೀನೂ ಹಿಡಿದು ನೋಡು. ನಡುವಿನ ತೂತಿನ ಸುತ್ತ ಒಂದು ಉಂಗುರದಷ್ಟು ಜಾಗದ ಬಣ್ಣ ಬೇರೆ ಇದೆ. ಬರೆದಿರುವುದು ಅಷ್ಟರಲ್ಲೇ. ಉಳಿದದ್ದು ಖಾಲಿ. ಎಪ್ಪತ್ತೊಂದು ವರ್ಷದ ಆಯುಷ್ಯದಲ್ಲಿ ನಾನು ಏನೇನೋ ಕಂಡಿದ್ದೇನೆ ಕಾಳಯ್ಯ. ಆದರೆ ಆ ಉಂಗುರದಷ್ಟು ಅಗಲದಲ್ಲಿ ಒಬ್ಬ ಹೆಂಗಸು ಕೂತು ಹಾಡುತ್ತಿದ್ದಾಳೆ ಎಂಬುದನ್ನು ನನ್ನ ಬುದ್ಧಿ ಇನ್ನೂ ಒಪ್ಪುತ್ತಿಲ್ಲ.

ಪ್ರೇಮಲೀಲಾರ ಅಟ್ಟದಿಂದ ಒಂದು ಪ್ಲೇಯರ್ ಇಳಿಸಿ ಹಾಕಿ ನೋಡಿದ್ದೇವೆ. ಓಡುತ್ತದೆ.

ರುದ್ರಸ್ವಾಮಿ

*

ಕರಿಕಲ್ಲುದೊಡ್ಡಿ
21 ಜುಲೈ 2024

ರುದ್ರಸ್ವಾಮಿಯವರಿಗೆ,

ಓಡಿತು.

ಮೂರು ದಿನ ಬರೆಯಲು ಆಗಲಿಲ್ಲ. ಈಗ ಬರೆಯುತ್ತಿದ್ದೇನೆ.

ಬಿಲ್ಲೆ ಸುತ್ತಿತು. ಟಿವಿ ಕಪ್ಪಾಯಿತು. ಈ ಸಲವೂ ಇಲ್ಲವೆಂದು ನಾನು ಏಳಲು ಹೋದೆ. ಆಗ ಕೆಮ್ಮು ಕೇಳಿಸಿತು. ಮೊದಲು ಬಂದದ್ದು ಕೆಮ್ಮು, ಆಮೇಲೆ ಅವಳು. ಮಾಲಾಳ ಕೈಯಲ್ಲಿದ್ದ ಲೋಟ ಬಿತ್ತು. ಯಾರೂ ಎತ್ತಲಿಲ್ಲ.

ಲಾಸ್ಯಳಿಗೆ ಹತ್ತು ವರ್ಷ. ಅಜ್ಜಿ ಸತ್ತಾಗ ನಾಲ್ಕು. ಅವಳಿಗೆ ನೆನಪಿರುವುದು ಹಾಸಿಗೆ ಹಿಡಿದಿದ್ದ ಮುದುಕಿ. "ಇವ್ಳಾ ಅಜ್ಜಿ? ನಮ್ಮವ್ವನಷ್ಟೇ ಅವ್ಳಲ್ಲ!" ಅಂದಳು. ನಾನು ಮಗಳ ಮುಖ ನೋಡಿದೆ, ಟಿವಿ ನೋಡಿದೆ. ಹೌದು. ಈಗ ಮಾಲಾಳಿಗೆ ಎಷ್ಟು ವಯಸ್ಸೋ ಆಗ ಅವಳಿಗೂ ಅಷ್ಟೇ. ನನ್ನ ಹೆಂಡತಿ ನನ್ನ ಮಗಳ ಓರಗೆಯವಳಾಗಿ ಕೂತಿದ್ದಳು. ನಾನೊಬ್ಬ ಮಾತ್ರ ಮುದುಕನಾಗಿದ್ದೆ.

ನಾನೂ ಅದರಲ್ಲಿದ್ದೇನೆ. ತಾಳಕ್ಕೆ ಗಗ್ಗರ ಆಡಿಸುತ್ತಿದ್ದೇನೆ. ತಲೆ ತುಂಬ ಕಪ್ಪು ಕೂದಲು. ಹಾಡು ಏರಿದಾಗ ಅವಳು ನನ್ನ ಕಡೆ ತಿರುಗಿ ಹುಬ್ಬು ಹಾರಿಸುತ್ತಾಳೆ, ತಾಳ ಬಿಗಿ ಮಾಡು ಎಂದು. ಅದು ನನಗೆ ಮರೆತೇ ಹೋಗಿತ್ತು. ಎದ್ದು ಹೋಗಿ ಟಿವಿಯ ಗಾಜಿನ ಮೇಲೆ ಕೈ ಇಟ್ಟೆ. ನಮ್ಮದು ಹಳೆಯ ಡಬ್ಬಿ ಟಿವಿ. ಚಟಚಟ ಎಂದು ಮುಂಗೈ ಕೂದಲೆಲ್ಲ ಎದ್ದು ನಿಂತಿತು. ಪಕ್ಕದ ಮನೆಯ ಮುದುಕಿ ಬಂದು ಬಾಗಿಲಲ್ಲೇ ಕೈ ಮುಗಿದಳು. ಮಣ್ಣು ಮಾಡುವಾಗ ನನ್ನ ಹೆಂಡತಿಯನ್ನು ತೊಳೆದು ಅರಿಶಿನ ಹಚ್ಚಿದ್ದು ಆ ಮುದುಕಿಯೇ.

ಅವತ್ತು ಏಳು ಸಲ ಹಾಕಿದೆವು. ಊರಿನವರೆಲ್ಲ ಬಂದು ನೋಡಿದರು.

ಈಗ ಕೇಳುವುದನ್ನು ಕೇಳುತ್ತೇನೆ. ಹದಿನಾಲ್ಕನೆಯ ನಿಮಿಷಕ್ಕೆ ಅದು ನಿಂತುಬಿಡುತ್ತದೆ. ಹಾಡು ಅರ್ಧ ಆಗಿರುತ್ತದೆ. ಮುಗಿಸದೆ ತಂಬೂರಿ ಕೆಳಗಿಡುವವಳಲ್ಲ ಅವಳು. ಅವತ್ತು ನಡುವೆ ನಾನು ಎದ್ದು ಹೋದೆ. ಯಾಕೆಂದು ನಿಮಗೆ ಗೊತ್ತು. ಆಮೇಲೆ ಏನಾಯಿತೆಂದು ಅವಳು ಯಾವತ್ತೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಉಳಿದದ್ದು ಎಲ್ಲಿ?

ಕಾಳಯ್ಯ

*

ಕರಿಕಲ್ಲುದೊಡ್ಡಿ
2 ಸೆಪ್ಟೆಂಬರ್ 2024

ರುದ್ರಸ್ವಾಮಿಯವರಿಗೆ,

ಆರು ವಾರವಾಯಿತು. ಉತ್ತರವಿಲ್ಲ.

ಉಳಿದದ್ದು ಇಲ್ಲವೇ ಇಲ್ಲ ಎಂದಾದರೆ ಹಾಗೆಂದು ಬರೆಯಿರಿ. ಇದ್ದೂ ಕಳಿಸಲಿಲ್ಲ ಎಂದಾದರೆ ಅದನ್ನೂ ಬರೆಯಿರಿ. ಸುಮ್ಮನಿರಬೇಡಿ. ಅವತ್ತೂ ನೀವು ಆಮೇಲೆ ಸುಮ್ಮನಿದ್ದಿರಿ.

ಕಾಳಯ್ಯ

*

ಶ್ರೀರಾಂಪುರ
11 ಸೆಪ್ಟೆಂಬರ್ 2024

ಕಾಳಯ್ಯ,

ಉಳಿದದ್ದು ಇದೆ. ಇದ್ದೂ ಕಳಿಸಲಿಲ್ಲ.

ಇಂಟರ್‌ನೆಟ್ಟಿನಿಂದ ನಾವು ಇಳಿಸಿಕೊಂಡದ್ದು ಮೂರು ವಿಡಿಯೋ. ನಿನಗೆ ಬಂದದ್ದು ಮೊದಲನೆಯದು ಮಾತ್ರ. ಓಡದೇ ಹೋದ ಡಿಸ್ಕಿನಲ್ಲೂ ಅದೊಂದೇ ಇತ್ತು. ಎರಡನೆಯದರಲ್ಲಿ ನಾನಿದ್ದೇನೆ. ಅದನ್ನು ಒಂದು ನಿಮಿಷ ನೋಡಿ ನಿಲ್ಲಿಸಿಬಿಟ್ಟೆ. "ಇದು ಬೇಡ, ಇಷ್ಟು ಸಾಕು" ಎಂದೆ.

ನಾನು ಹೇಳಿದ್ದು ನಿನಗೆ ಗೊತ್ತು. ಆದರೂ ನನ್ನ ಕೈಯಾರೆ ಒಮ್ಮೆ ಬರೆಯುತ್ತೇನೆ. ಆ ಸಂಶೋಧಕಿ, ಈ ಹಾಡು ಯಾರದು, ಯಾರಿಗೆ ಯಾರು ಕಲಿಸಿದರು ಎಂದು ಜೊತೆಯವರಿಂದ ಕನ್ನಡದಲ್ಲಿ ಕೇಳಿಸಿದಳು. ನಮ್ಮಪ್ಪ ಬಾಗಿಲಲ್ಲಿ ನಿಂತಿದ್ದರು. ಮಠದ ಇಬ್ಬರು ಹಿರಿಯರು ಬೆಂಚಿನ ಮೇಲಿದ್ದರು. ನಾನು ಕ್ಯಾಮೆರಾ ನೋಡಿಕೊಂಡು, "ಇದು ನಮ್ಮ ಮನೆತನದಲ್ಲಿ ನಡ್ಕೊಂಡು ಬಂದಿರೋದು. ಇವರಿಗೆಲ್ಲ ನಾನೇ ಹೇಳ್ಕೊಟ್ಟಿದ್ದು" ಎಂದೆ. ಹನ್ನೊಂದು ವರ್ಷ, ಸೋಮವಾರ ಸೋಮವಾರ, ಅದೇ ಜಗಲಿಯ ಮೇಲೆ ಒಂದೊಂದು ಸಾಲನ್ನೂ ನನ್ನ ಬಾಯಿಗೆ ಹಾಕಿ ತಿದ್ದಿದವರು ಪುಟ್ಟಲಿಂಗಮ್ಮ. ಅವರು ಮೂರು ಅಡಿ ದೂರದಲ್ಲಿ ಕೂತಿದ್ದರು. ನೀನು ಗಗ್ಗರ ಕೆಳಗಿಟ್ಟು ಬೀದಿಗಿಳಿದೆ. ಅಪ್ಪ ಹಿರಿಯರನ್ನು ಕರೆದುಕೊಂಡು ಮಠಕ್ಕೆ ಹೊರಟರು, ನಾನು ಅತಿಥಿಗಳ ಉಪ್ಪಿಟ್ಟು ನೋಡುತ್ತೇನೆಂದು ಒಳಗೆ ಹೋದೆ. ಉಪ್ಪಿಟ್ಟು ಆಗಲೇ ಆಗಿತ್ತು. ಜಗಲಿಯ ಸದ್ದು ಕೇಳದ ಹಿತ್ತಲ ಕಡೆಯ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ನಿಂತಿದ್ದೆ. ಹೊರಗೆ ಬರುವಷ್ಟರಲ್ಲಿ ಅವರೂ ಹೋಗಿದ್ದರು.

ಅಪ್ಪನ ಭಯ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಭಯ ಇತ್ತು. ಆದರೆ ಆ ಕ್ಯಾಮೆರಾದ ಮುಂದೆ ಗುರು ಅನ್ನಿಸಿಕೊಳ್ಳುವ ಆಸೆಯೂ ಇತ್ತು. ಆಮೇಲೆ ಇವತ್ತಿನವರೆಗೂ ನಾನು ಹಾಡಿಲ್ಲ.

ನಿನ್ನ ಮೂರನೆಯ ಕಾಗದ ಬಂದ ದಿನ ಪ್ರೇಮಲೀಲಾರಿಗೆ ಎಲ್ಲವನ್ನೂ ಹೇಳಿದೆ. ಅವರು, "ನೀವು ನಿಮ್ಮ ಮಾತು ಕತ್ತರಿಸ್ತಿದೀನಿ ಅಂದ್ಕೊಂಡಿದೀರಿ ಸಾರ್. ಕತ್ತರಿಸ್ತಿರೋದು ಆ ತಾಯಿ ಹಾಡನ್ನ" ಅಂದರು. ಮೂರನ್ನೂ ಕಂಪ್ಯೂಟರಿಗೆ ಕೊಟ್ಟೆವು. ಅದು ಡಿವಿಡಿಯ ಭಾಷೆಗೆ ತಿರುಗಿಸುತ್ತಾ ಹೋಗುವಾಗ ನಾನು ಅದೇ ವಿಡಿಯೋಗಳನ್ನು ನೋಡುತ್ತಾ ಕೂತೆ. ಎರಡನೆಯದನ್ನು ಪೂರ್ತಿ ನೋಡಿದೆ. ಅಲ್ಲಿಂದ ಮೂರನೆಯದು.

ಮೂರನೆಯದರ ಬಗ್ಗೆ ನಾನು ಬರೆಯುವುದಿಲ್ಲ. ಬರೆಯಲು ಕೂತು ಎರಡು ಹಾಳೆ ಹರಿದೆ. ನನಗೆ ಗೊತ್ತೇ ಇರಲಿಲ್ಲ ಕಾಳಯ್ಯ. ನಿನಗೂ ಗೊತ್ತಿಲ್ಲ. ಆಗ ನಾನು ಒಳಗಿದ್ದೆ, ನೀನು ಬೀದಿಯಲ್ಲಿದ್ದೆ. ಕ್ಯಾಮೆರಾ ಒಂದೇ ಅಲ್ಲಿತ್ತು.

ಬರೆದಾದ ಮೇಲೆ ಡಿಸ್ಕನ್ನು ಮುಚ್ಚಬೇಕು ಎಂದು ಒಂದು ಕೆಲಸವಿದೆ. ಮುಚ್ಚಿದ ಮೇಲೆ ಅದಕ್ಕೆ ಏನನ್ನೂ ಸೇರಿಸುವ ಹಾಗಿಲ್ಲ, ಅದರಿಂದ ಏನನ್ನೂ ತೆಗೆಯುವ ಹಾಗಿಲ್ಲ. ಕಂಪ್ಯೂಟರ್, ಮುಚ್ಚಲೇ ಎಂದು ಕೇಳಿತು. ಪ್ರೇಮಲೀಲಾ ಮೌಸನ್ನು ನನ್ನ ಕಡೆ ತಳ್ಳಿದರು. ನಾನೇ ಒತ್ತಿದೆ.

ಒಟ್ಟು ನಲವತ್ತೊಂದು ನಿಮಿಷ. ನನ್ನದೂ ಸೇರಿ.

ರುದ್ರಸ್ವಾಮಿ

*

ಕರಿಕಲ್ಲುದೊಡ್ಡಿ
6 ಅಕ್ಟೋಬರ್ 2024

ರುದ್ರಸ್ವಾಮಿ,

ನೋಡಿದೆ. ಒಂದು ಸಲ ಒಬ್ಬನೇ, ಆಮೇಲೆ ಮನೆಯವರ ಜೊತೆ, ಆಮೇಲೆ ಊರಿನ ಜೊತೆ.

ಮನೆಯವರು ಕೂತಿದ್ದಾಗ ನಿನ್ನ ಮಾತು ಬಂತು. ಮಾಲಾ ಎದ್ದು, "ಆಫ್ ಮಾಡ್ಬುಡ್ಲಾ ಅಪ್ಪಾ?" ಅಂದಳು. "ಬುಡು, ನಡೀಲಿ" ಅಂದೆ. ನೀನು ಹೇಳಿದ್ದನ್ನು ಕೇಳಿದೆ. ಅವತ್ತಿನ ಸಿಟ್ಟು ಅವತ್ತಿನ ಹಾಗೆಯೇ ಬಂತು, ಒಂದು ಚೂರೂ ಹಳಸಿರಲಿಲ್ಲ. ನಾನು ಗಗ್ಗರ ಇಟ್ಟು ಎದ್ದು ಹೋಗುವುದನ್ನೂ ನೋಡಿದೆ. ನನ್ನ ಬೆನ್ನನ್ನು ನಾನು ಅದೇ ಮೊದಲು ನೋಡಿದ್ದು. ಆಮೇಲೆ ನಿನ್ನ ಬೆನ್ನು, ಬಾಗಿಲೊಳಗೆ ಹೋಗುತ್ತಿರುವುದು.

ಜಗಲಿಯಲ್ಲಿ ಅವಳೊಬ್ಬಳೇ. ಈ ಕಡೆ ಖಾಲಿ, ಆ ಕಡೆ ಖಾಲಿ. ಕ್ಯಾಮೆರಾದವರು ಏನೋ ಗುಸುಗುಟ್ಟಿದರು, ನಿಲ್ಲಿಸೋಣವೇ ಎಂದಿರಬೇಕು. ಅವಳು ಕೈ ಎತ್ತಿದಳು. "ಇರಿ, ಮುಗ್ದಿಲ್ಲ" ಅಂದಳು. ತಂಬೂರಿಯನ್ನು ಹೆಗಲಿಗೆ ಸರಿಯಾಗಿ ಒರಗಿಸಿಕೊಂಡು, ಹಾಡು ನಿಂತ ಕಡೆಯಿಂದಲೇ ಎತ್ತಿಕೊಂಡಳು. ತಾಳವಿಲ್ಲ, ಹಿಮ್ಮೇಳವಿಲ್ಲ. ಹದಿನೆಂಟು ನಿಮಿಷ. ಕಡೆಯಲ್ಲಿ ನಾನು ಯಾವತ್ತೂ ಕೇಳದ ಪದ ಹೇಳಿದಳು. ನಿನಗೆ ಬರೆಯಲು ಆಗಲಿಲ್ಲ ಅಂದೆಯಲ್ಲ, ನಾನು ಬರೆಯುತ್ತೇನೆ. ಅವಳ ಬಾಯಲ್ಲಿ ಬಂದ ಹಾಗೇ ಬರೆಯುತ್ತೇನೆ.

ಅಜ್ಜಿ ಚೆನ್ನಾಜಿ ನಮ್ಮವ್ವಂಗೆ ಕೊಟ್ಟಳು
ಅವ್ವ ಮಾದಮ್ಮ ನನ್ ಕೈಲಿ ಇಟ್ಟಳು
ಇಟ್ಕೊಳಾಕೆ ಬಂದಿಲ್ಲ ನಾನು ಪುಟ್ಟಲಿಂಗಿ
ಅಂಗಡಿ ಬೀದಿಯ ರುದ್ರಸಾಮಿಗೆ ಕೊಟ್ಟೆ
ಮರೆತ್ರೂ ಅವನ್ದೇ, ಹಾಡುದ್ರೂ ಅವನ್ದೇ

ನಿನ್ನ ಹೆಸರು ಹೇಳುವಾಗ ಅವಳ ಮುಖದಲ್ಲಿ ಸಿಟ್ಟಿದೆಯೇ ಎಂದು ಹುಡುಕಿದೆ. ನಿಲ್ಲಿಸಿ ನಿಲ್ಲಿಸಿ ಹುಡುಕಿದೆ. ಇಲ್ಲ. ಅವಳು ನಿನ್ನನ್ನು ತಿದ್ದುವಾಗ ಇರುತ್ತಿದ್ದ ಮುಖವೇ ಅದು.

ಅವಳು ಅದಾದ ಮೇಲೆ ಇಪ್ಪತ್ತು ವರ್ಷ ಬದುಕಿದ್ದಳು. ನಾನು ಎಷ್ಟು ಸಲ ನಿನಗೆ ಬೈದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ "ಬುಡಿ ಅತ್ಲಾಗೆ" ಅನ್ನುತ್ತಿದ್ದಳು. ಹೆದರಿ ಹಾಗೆನ್ನುತ್ತಾಳೆ ಎಂದುಕೊಂಡಿದ್ದೆ. ನಾವಿಬ್ಬರೂ ಎದ್ದು ಹೋದ ಮೇಲೆ ಒಬ್ಬಳೇ ಕೂತು ಮುಗಿಸಿದವಳು ಯಾರಿಗೆ ಹೆದರುತ್ತಾಳೆ? ಅವಳ ಪಾಲಿಗೆ ಆ ವಿಷಯ ಅವತ್ತೇ ಮುಗಿದಿತ್ತು. ಅದನ್ನು ಹೊತ್ತುಕೊಂಡು ತಿರುಗಿದವರು ನಾವು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿದೆ, ಅವಳು ಎಷ್ಟು ದೊಡ್ಡವಳೆಂದು ನನಗೆ ಗೊತ್ತಿರಲಿಲ್ಲ. ಒಂದು ಬಿಲ್ಲೆ ಬಂದು ಹೇಳಬೇಕಾಯಿತು.

ನಿನ್ನನ್ನು ಕ್ಷಮಿಸಿದೆ ಎಂದು ಬರೆಯುವುದಿಲ್ಲ. ನಿನ್ನ ಮಾತಿರುವ ಆ ಒಂಬತ್ತು ನಿಮಿಷ ಬಂದಾಗಲೆಲ್ಲ ಸಿಟ್ಟು ಬರುತ್ತದೆ, ಬರಲಿ. ನೀನು ಅದನ್ನು ಕತ್ತರಿಸದೆ ಕಳಿಸಿದೆ, ಅದು ಸಾಕು. ಅವಳು ಕೊಟ್ಟದ್ದನ್ನು ಕಿತ್ತುಕೊಳ್ಳಲು ನಾನು ಯಾರು?

ಇನ್ನೊಂದು ವಿಷಯ. ಲಾಸ್ಯ ಶಾಲೆಯಿಂದ ಬಂದ ಕೂಡಲೇ ಬಿಲ್ಲೆ ಹಾಕುತ್ತಾಳೆ. ಹಾಡು ಅರ್ಧಕ್ಕರ್ಧ ಬಾಯಿಗೆ ಬಂದಿದೆ. ತಪ್ಪು ತಪ್ಪಾಗಿ ಹಾಡುತ್ತಾಳೆ, ಎಲ್ಲಿ ತಪ್ಪುತ್ತಾಳೆಂದು ಗೊತ್ತಾಗುತ್ತದೆ, ತಿದ್ದಲು ನನಗೆ ಬರುವುದಿಲ್ಲ. ನನಗೆ ಬರುವುದು ಗಗ್ಗರ ಮಾತ್ರ. ಇವತ್ತು ಬೆಳಿಗ್ಗೆ ಬಟ್ಟೆ ಒಣಹಾಕುತ್ತಾ ಆ ಕಡೆಯ ಪದ ಹಾಡಿಕೊಳ್ಳುತ್ತಿದ್ದಳು. ಚೆನ್ನಾಜಿಯಿಂದ ಮಾದಮ್ಮನಿಗೆ, ಮಾದಮ್ಮನಿಂದ ಅಜ್ಜಿಗೆ, ಅಜ್ಜಿಯಿಂದ ನಿನಗೆ. ನಿನ್ನ ಹೆಸರಿಗೆ ಬಂದು ನಿಲ್ಲಿಸಿ, ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು.

"ತಾತ, ರುದ್ರಸಾಮಿ ಯಾರ್ಗೆ ಕೊಟ್ಟ?"

ಅದಕ್ಕೆ ಉತ್ತರ ನೀನು ಬಂದು ಹೇಳು. ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಬೇಕು. ಹನ್ನೊಂದೂವರೆಗೆ ನಮ್ಮ ಕ್ರಾಸಿಗೆ ಬರುತ್ತದೆ. ಅವಳನ್ನೇ ಕಳಿಸುತ್ತೇನೆ.

ಕಾಳಯ್ಯ